ಲೈವ್ ಮ್ಯೂಸಿಕ್ ಆರ್ಕೈವ್: ಕ್ಲೀನ್ ಮಾಡ್ಬೇಡಿ ಸ್ವಾಮಿ, ಸ್ಪೀಡ್ ಸರಿ ಮಾಡಿ ಸಾಕು

ಇಂಟರ್ನೆಟ್ ಆರ್ಕೈವ್‌ನ ಲೈವ್ ಮ್ಯೂಸಿಕ್ ಆರ್ಕೈವ್ ಅಂದ್ರೆ ಬ್ಯಾಂಡುಗಳ ಲೈವ್ ಶೋ ರೆಕಾರ್ಡಿಂಗ್ ಕೂಡಿಟ್ಟಿರೋ ಜಾಗ. ಅದ್ರಲ್ಲಿ ಯಾವ್ಯಾವ ಬ್ಯಾಂಡ್ ಇದೆ ಅಂತೆಲ್ಲ ಬರೆಯಕ್ಕೆ ಹೋಗಲ್ಲ, ಸೈಟ್ ತೆಗೆದ್ರೆ ಅದೆಲ್ಲ ಅಲ್ಲೇ ಸಿಗುತ್ತೆ. ನಾನು ವರ್ಷಗಟ್ಟಲೆಯಿಂದ ಬಳಸ್ತಿರೋದು ಹೆಚ್ಚುಕಮ್ಮಿ ಒಂದೇ ಬ್ಯಾಂಡಿಗೋಸ್ಕರ, ಅಮೆರಿಕದ ರಾಕ್ ಬ್ಯಾಂಡ್ ಗ್ರೇಟ್‌ಫುಲ್ ಡೆಡ್. ದುಡ್ಡಿಲ್ಲ, ಜಾಹೀರಾತಿನ ಕಾಟ ಇಲ್ಲ, ಲಾಗಿನ್ ಆಗದೇನೂ ಕೇಳಬಹುದು. ಸೈಟ್ ಬಗ್ಗೆ ನನಗೆ ಪ್ರೀತಿನೇ. ಅಲ್ಲಿಗೆ ಟೇಪ್ "ರಿಪೇರಿ" ಮಾಡಿ ತಂದು ಹಾಕೋ ಕೆಲವು ಪುಣ್ಯಾತ್ಮರ ಮೇಲೆ ಮಾತ್ರ ಸಿಟ್ಟು, ಅದಕ್ಕೆ ಆಮೇಲೆ ಬರ್ತೀನಿ.

ಡೆಡ್ ಶೋಗಳ ರೆಕಾರ್ಡಿಂಗಲ್ಲಿ ಮುಖ್ಯವಾಗಿ ಎರಡು ಜಾತಿ. ಮಿಕ್ಸಿಂಗ್ ಬೋರ್ಡಿನಿಂದ ನೇರವಾಗಿ ವೈರ್ ಎಳೆದು ತೆಗೆದಿದ್ದು ಸೌಂಡ್‌ಬೋರ್ಡ್, ಜನರ ಮಧ್ಯೆ ಮೈಕ್ ಎತ್ತಿ ಹಿಡಿದು ತೆಗೆದಿದ್ದು ಆಡಿಯನ್ಸ್ ಟೇಪ್. ಹೊಸಬರು ಯಾರೇ ಬಂದ್ರೂ ಮೊದಲು ಓಡೋದು ಸೌಂಡ್‌ಬೋರ್ಡ್ ಕಡೆಗೆ, ನಾನೂ ಹಾಗೇ ಓಡಿದ್ದೆ. ಆದ್ರೆ 2005ರ ನವೆಂಬರ್‌ನಲ್ಲಿ ಡೆಡ್ ಕಡೆಯವರು ಡೌನ್‌ಲೋಡ್ ನಿಲ್ಲಿಸಿ ಅಂದ್ರು, ಅಭಿಮಾನಿಗಳು ಗಲಾಟೆ ಎಬ್ಬಿಸಿದ್ರು, ಕೊನೆಗೆ ಆಡಿಯನ್ಸ್ ಟೇಪ್ ಡೌನ್‌ಲೋಡ್ ಮಾಡ್ಕೋಬಹುದು, ಸೌಂಡ್‌ಬೋರ್ಡ್ ಬರೀ ಸ್ಟ್ರೀಮಿಂಗ್ ಅಂತ ರಾಜಿ ಆಯ್ತು. ಆ ನಿಯಮ ಈಗ್ಲೂ ಇದೆ. ನನ್ನ ಹೆಂಡತಿ ಮನೆ ಸುಬ್ರಹ್ಮಣ್ಯದ ಕಡೆ, ರೈಲು ಸಕಲೇಶಪುರ ದಾಟಿದ್ರೆ ಸಾಕು, ಘಾಟಿಯ ಐವತ್ತೇಳು ಸುರಂಗ, ನೆಟ್‌ವರ್ಕ್ ಕಥೆ ಅಲ್ಲಿಗೆ ಮುಗೀತು. ಸ್ಟ್ರೀಮಿಂಗ್ ಹೇಗೆ ಕೇಳೋದು? ಹಂಗಾಗಿ ಬೇರೆ ದಾರಿ ಇಲ್ದೆ ಆಡಿಯನ್ಸ್ ಟೇಪ್ ಇಳಿಸ್ಕೊಂಡು ಕೇಳಕ್ಕೆ ಶುರು ಮಾಡ್ದೆ, ಈಗ ನೆಟ್‌ವರ್ಕ್ ಚೆನ್ನಾಗಿರೋ ಮನೆಯಲ್ಲಿ ಕೂತ್ರೂ ಕೈ ಹೋಗೋದು ಅದಕ್ಕೇನೇ.

ಯಾಕಂದ್ರೆ ಸೌಂಡ್‌ಬೋರ್ಡ್‌ನಲ್ಲಿ ಹಾಲ್ ಇರಲ್ಲ. ಹಾಡುಗಾರನ ಉಸಿರು ಕೂಡ ಕೇಳುತ್ತೆ, ಆದ್ರೆ ಹಾಡು ಮುಗಿದಾಗ ಚಪ್ಪಾಳೆ ಎಲ್ಲೋ ಪಕ್ಕದ ಬೀದಿಯಲ್ಲಿ ಬಿದ್ದಂಗಿರುತ್ತೆ. ಆಡಿಯನ್ಸ್ ಟೇಪ್‌ನಲ್ಲಿ ಬಾಸ್ ಗೋಡೆಗೆ ಬಡಿದು ವಾಪಸ್ ಬರೋದು, ಯಾವ ಹಾಡು ಅಂತ ಮೊದಲ ಎರಡು ಸ್ವರಕ್ಕೇ ಗೊತ್ತಾಗಿ ಒಬ್ಬ ಕಿರುಚೋದು, ಅವನ ಹಿಂದೆ ಇಡೀ ಹಾಲ್ ಎದ್ದು ಕೂಗೋದು, ಎಲ್ಲಾ ಇರುತ್ತೆ. ನನ್ನ ಹತ್ರ ಇರೋ ಒಂದ್ರಲ್ಲಿ ಮೈಕ್ ಪಕ್ಕದವನು ಮೊದಲರ್ಧ ಪೂರ್ತಿ ಗೆಳೆಯನ ಹತ್ರ ಪಾರ್ಕಿಂಗ್ ಬಗ್ಗೆ ಗೊಣಗ್ತಾನೆ, ಟೇಪ್ ಮಾಡ್ತಿರೋನು ಶ್ ಅಂತಾನೆ, ಅವನು ಸುಮ್ನಾಗಲ್ಲ. ಮೊದಲು ತಲೆ ಕೆಡ್ತಿತ್ತು, ಈಗ ಆ ಜಾಗ ಬಂದಾಗ ನಗು ಬರುತ್ತೆ.

ಹೀಗೆ ಟೇಪ್ ಮಾಡೋದಕ್ಕೆ ಬ್ಯಾಂಡ್ ಮೊದಲಿಂದ ಹೆಚ್ಚೇನೂ ತಕರಾರು ಮಾಡ್ತಿರ್ಲಿಲ್ಲ, ಮಾರಬೇಡಿ ಅಷ್ಟೇ ಅನ್ನೋ ಲೆಕ್ಕ. ಬರ್ತಾ ಬರ್ತಾ ಮೈಕ್ ಸ್ಟ್ಯಾಂಡುಗಳ ಕಾಡೇ ಎದ್ದು ಸೌಂಡ್ ಇಂಜಿನಿಯರ್‌ಗೆ ಸ್ಟೇಜೇ ಕಾಣ್ತಿರ್ಲಿಲ್ಲ, ಅದಕ್ಕೆ 1984ರ ಅಕ್ಟೋಬರ್ 27ರಂದು ಬರ್ಕ್‌ಲಿ ಕಮ್ಯುನಿಟಿ ಥಿಯೇಟರ್ ಶೋದಿಂದ ಬೋರ್ಡಿನ ಹಿಂದೆ ಟೇಪರ್‌ಗಳಿಗೇ ಬೇರೆ ಜಾಗ, ಬೇರೆ ಟಿಕೆಟ್ ಮಾಡಿದ್ರು. ಹಿಂದೆ ಕೂತ್ರೆ ಸೌಂಡ್ ಅಷ್ಟಕ್ಕಷ್ಟೇ ಅಂತ ಕೆಲವರು ಕದ್ದುಮುಚ್ಚಿ ಬೋರ್ಡಿನ ಮುಂದೆನೇ ಕೂರ್ತಿದ್ರು, ಅಂಥ ಟೇಪಿಗೆ ಎಫ್‌ಓಬಿ (ಫ್ರಂಟ್ ಆಫ್ ಬೋರ್ಡ್) ಅಂತ ಗುರುತು ಹಾಕಿರ್ತಾರೆ, ಅದು ಕಂಡ್ರೆ ಬಿಡ್ಬೇಡಿ.

ನನ್ನ ಶನಿವಾರದ ಬೆಳಗಿನ ಕಾಫಿ ಈ ಸೈಟಿನ ಜೊತೆನೇ. ಹಾಡು ಹಾಕೋಕೆ ಮುಂಚೆ ಪ್ರತಿ ಶೋ ಜೊತೆ ಬರೋ ಟೆಕ್ಸ್ಟ್ ಫೈಲ್ ಓದ್ತೀನಿ. ನಾಕಮಿಚಿ ಮೈಕು, ಅಲ್ಲಿಂದ ಸೋನಿ ಟಿಸಿ-ಡಿ5 ಡೆಕ್ಕು, ಮ್ಯಾಕ್ಸೆಲ್ ಕ್ಯಾಸೆಟ್ಟು, ಎಷ್ಟನೇ ಕಾಪಿ, ಡಾಲ್ಬಿ ಇತ್ತಾ ಇಲ್ವಾ, ಯಾವ ಡೆಕ್ಕಿನಲ್ಲಿ ಪ್ಲೇ ಮಾಡಿ ಕಂಪ್ಯೂಟರಿಗೆ ಹಾಕಿದ್ರು, ಯಾವ ಹಾಡಿನ ಮಧ್ಯೆ ಟೇಪ್ ತಿರುಗಿಸಿದ್ರು, ಆ ತೂತನ್ನ ಯಾವ ಬೇರೆ ಟೇಪಿಂದ ಮುಚ್ಚಿದ್ರು, ಇಷ್ಟೂ ಬರೆದಿರ್ತಾರೆ. 90 ನಿಮಿಷದ ಕ್ಯಾಸೆಟ್ ಅಂದ್ರೆ ಒಂದು ಕಡೆಗೆ 45 ನಿಮಿಷ, ಈ ಬ್ಯಾಂಡಿನ ಎರಡನೇ ಸೆಟ್ ಅಷ್ಟರಲ್ಲಿ ಮುಗಿಯೋದೇ ಇಲ್ಲ. ಪಳಗಿದ ಟೇಪರ್‌ಗಳು ಡ್ರಮ್ಸ್ ಭಾಗ ಬರೋವರೆಗೂ ಕಾದು ಅಲ್ಲಿ ತಿರುಗಿಸ್ತಿದ್ರು.

ಆಮೇಲೆ ಫ್ಲ್ಯಾಕ್ ಫೈಲ್ (ಎಂಪಿ3 ಥರ ಸದ್ದು ಕತ್ತರಿಸದ ಫೈಲ್) ಆಡಾಸಿಟಿ ಅನ್ನೋ ಸೌಂಡ್ ಎಡಿಟಿಂಗ್ ಸಾಫ್ಟ್‌ವೇರಿಗೆ ಹಾಕ್ತೀನಿ, ನನಗೋಸ್ಕರ ಒಂದೇ ಒಂದು ರಿಪೇರಿಗೆ, ಅದು ಸ್ಪೀಡ್. ಆ ಡೆಕ್ಕುಗಳು ಬ್ಯಾಟರಿಯಲ್ಲಿ ಓಡ್ತಿದ್ವು. ಬ್ಯಾಟರಿ ಇಳೀತಾ ಬಂದ್ರೆ ರೆಕಾರ್ಡ್ ಆಗೋವಾಗ ಟೇಪ್ ನಿಧಾನ, ಅದನ್ನ ಸರಿಯಾದ ಡೆಕ್ಕಿನಲ್ಲಿ ಪ್ಲೇ ಮಾಡಿದ್ರೆ ಹಾಡು ಜೋರಾಗಿ ಓಡುತ್ತೆ, ದನಿ ಸಣ್ಣ ಆಗುತ್ತೆ. ಕಿವಿ ನಂಬಿ ಸರಿ ಮಾಡಕ್ಕೆ ಹೋದ್ರೆ ಕೆಡೋದೇ ಜಾಸ್ತಿ, ಅದಕ್ಕೆ ಹಾಡಿಲ್ಲದ ಜಾಗ, ಅಂದ್ರೆ ಎರಡು ಹಾಡಿನ ಮಧ್ಯೆ ಆಂಪ್ಲಿಫೈಯರ್‌ಗಳು ಗುಂಯ್ ಅಂತಿರೋ ಜಾಗ ಹುಡುಕಿ ಸೆಲೆಕ್ಟ್ ಮಾಡಿ ಸ್ಪೆಕ್ಟ್ರಮ್, ಅಂದ್ರೆ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅನ್ನೋ ಗ್ರಾಫ್ ತೆಗಿತೀನಿ, ಸೈಜ್ 65536 ಇಡ್ಬೇಕು, ಕಮ್ಮಿ ಇಟ್ರೆ ಎಲ್ಲಾ ಮಸುಕು. ಅಮೆರಿಕದ ಕರೆಂಟ್ 60 ಹರ್ಟ್ಸ್, ಯುರೋಪಿನ ಹಾಲ್ ಆದ್ರೆ ನಮ್ಮ ಹಾಗೇ 50. ಆ ಗುಂಯ್ ಕೂಡ 60ರಲ್ಲಿ, ಅದರ ದುಪ್ಪಟ್ಟು 120ರಲ್ಲಿ ಗೂಟ ಎದ್ದು ನಿಲ್ಬೇಕು. 120 ಇರಬೇಕಾದ್ದು 123ರಲ್ಲಿ ಕಂಡ್ರೆ ಟೇಪ್ ಎರಡೂವರೆ ಪರ್ಸೆಂಟ್ ಫಾಸ್ಟ್, ಕಾಲು ಟೋನಿನ ಹತ್ತಿರ ಹತ್ತಿರ ಮೇಲೆ. ಚೇಂಜ್ ಸ್ಪೀಡ್‌ನಲ್ಲಿ ಮೈನಸ್ 2.44 ಕೊಟ್ರೆ ಗೂಟ ಜಾಗಕ್ಕೆ ಬಂತು, ಗಿಟಾರಿಗೆ ಮೈತೂಕ ಬಂತು. ನಿಖರವಾಗಿ 60ರಲ್ಲೇ ಇನ್ನೊಂದು ಗೂಟ ಕಂಡ್ರೆ ಮೋಸ ಹೋಗ್ಬೇಡಿ, ಅದು ಆಮೇಲೆ ಕಂಪ್ಯೂಟರಿಗೆ ಹಾಕೋವಾಗ ಸೇರಿರೋ ಗುಂಯ್. 1979ರ ಏಪ್ರಿಲ್‌ನಲ್ಲಿ ಬ್ಯಾಂಡಿಗೆ ಕೀಬೋರ್ಡ್ ನುಡಿಸೋಕೆ ಬ್ರೆಂಟ್ ಮಿಡ್‌ಲ್ಯಾಂಡ್ ಬಂದ್ಮೇಲಿನ ಶೋ ಆದ್ರೆ ಇನ್ನೂ ಸುಲಭ, ಅವರ ಹ್ಯಾಮಂಡ್ ಆರ್ಗನ್ನಿನ ಮೋಟಾರ್ ಕರೆಂಟಿನ ಫ್ರೀಕ್ವೆನ್ಸಿಗೇ ಕಟ್ಟಿಕೊಂಡು ತಿರುಗುತ್ತೆ, ಶ್ರುತಿ ಎಳೆದಾಡಲ್ಲ. ಬ್ಯಾಟರಿ ಸೆಟ್ ಉದ್ದಕ್ಕೂ ಇಳೀತಾ ಹೋಗಿರುತ್ತಲ್ಲ, ಹಂಗಾಗಿ ಒಂದೊಂದು ಹಾಡಿಗೂ ಬೇರೆ ಬೇರೆ ಅಳತೆ ಬೇಕಾಗುತ್ತೆ. ಇದರಲ್ಲೇ ಮಧ್ಯಾಹ್ನ ಆಗೋಗುತ್ತೆ, ಮನೆಯಲ್ಲಿ ಬೈಸ್ಕೊಳ್ಳೋದೂ ಆಗುತ್ತೆ.

ಈಗ ಸಿಟ್ಟಿನ ವಿಷ್ಯ. ಕೆಲವರು "ರಿಸ್ಟೋರ್ಡ್" ಅಂತ ಹಣೆಪಟ್ಟಿ ಹಚ್ಚಿ ಹಾಕೋ ಫೈಲ್ ತೆಗೆದ್ರೆ ಸ್ಪೀಡ್ ಹಂಗೇ ಇರುತ್ತೆ, ಅದನ್ನ ಮುಟ್ಟಿರಲ್ಲ! ಮುಟ್ಟಿರೋದು ಟೇಪಿನ ಹಿಸ್ಸನ್ನ, ಅಂದ್ರೆ ಹಿಂದೆ ಸುಯ್ ಅಂತಿರೋ ಸದ್ದನ್ನ. ನಾಯ್ಸ್ ರಿಡಕ್ಷನ್ ಪೂರ್ತಿ ತಿರುಗಿಸಿ, ಹಿಸ್ ಜೊತೆ ಸಿಂಬಲ್ಲಿನ (ಡ್ರಮ್ ಜೊತೆಗಿನ ತಾಳದ) ಹೊಳಪು, ಹಾಲ್‌ನ ಗುಂಗು, ಚಪ್ಪಾಳೆಯ ಚೂಪು ಎಲ್ಲಾ ಉಜ್ಜಿ ತೆಗೆದು, ಖಾಲಿ ಕೊಡಕ್ಕೆ ಬಾಯಿಟ್ಟು ಮಾತಾಡಿದಂಗೆ ಮಾಡಿಟ್ಟಿರ್ತಾರೆ. ಹಿಸ್ ಅನ್ನೋದು ಒಂದೇ ಸಮ ಇರೋ ಸದ್ದು, ಐದು ನಿಮಿಷದಲ್ಲಿ ಕಿವಿ ಅದನ್ನ ಬಿಟ್ಟುಬಿಡುತ್ತೆ. ಈ ಉಜ್ಜಿದ ಸದ್ದು ಹಾಡಿನ ಜೊತೆ ಏರಿಳೀತಾ ಇರುತ್ತೆ, ಎಷ್ಟು ಹೊತ್ತಾದ್ರೂ ಒಗ್ಗಲ್ಲ. ಇನ್ನೂ ಘೋರ ಅಂದ್ರೆ ಇದ್ರ ಬಗ್ಗೆ ಟೆಕ್ಸ್ಟ್ ಫೈಲಲ್ಲಿ ಒಂದಕ್ಷರ ಇರಲ್ಲ, ಹಳೇ ಎಂಪಿ3ಯನ್ನೇ ಫ್ಲ್ಯಾಕ್ ಮಾಡಿದ್ರೂ ಗೊತ್ತಾಗಲ್ಲ, ಸ್ಪೆಕ್ಟ್ರಮ್ ತೆಗೆದು 16 ಸಾವಿರ ಹರ್ಟ್ಸ್‌ ಹತ್ರ ಚಾಕುವಿಂದ ಕುಯ್ದಂಗೆ ಸದ್ದು ನಿಂತಿರೋದು ನೋಡಿದ್ಮೇಲೆ ಅನುಮಾನ ಹುಟ್ಟುತ್ತೆ. ಕೆಳಗೆ ವಿಮರ್ಶೆ ನೋಡಿ ಆರಿಸೋಣ ಅಂದ್ರೆ ಎಲ್ಲಾ ಐದು ಸ್ಟಾರ್. ಅವರು ಸ್ಟಾರ್ ಕೊಡೋದು ಆ ರಾತ್ರಿಗೆ, ಟೇಪನ್ನ ಕಂಪ್ಯೂಟರಿಗೆ ಹಾಕಿದ ಕೆಲಸಕ್ಕಲ್ಲ. ಒಬ್ಬರು ಆ ಶೋಗೆ ಹೋಗಿದ್ದು, ಬಸ್ಸು ತಪ್ಪಿದ್ದು, ಆಮೇಲೆ ಅದೇ ಹುಡುಗಿನ ಮದ್ವೆ ಆಗಿದ್ದು ಎಲ್ಲಾ ಬರೆದಿದ್ರು. ಓದಕ್ಕೆ ಚೆನ್ನಾಗಿತ್ತು, ಸಿಂಬಲ್ ಹೆಂಗಿದೆ ಅಂತ ಮಾತ್ರ ಇರ್ಲಿಲ್ಲ.

ಚೆನ್ನಾಗಿ ಮಾಡೋರೂ ಇದ್ದಾರೆ. ಲಾಸ್ ಏಂಜಲೀಸ್‌ನಲ್ಲಿ ಮೈಕ್ ಮಿಲ್ಲಾರ್ಡ್ ಅಂತ ಇದ್ರು, ಕೆಲವು ಶೋಗಳಿಗೆ ಗಾಲಿಕುರ್ಚಿಯಲ್ಲಿ ಕೂತು ರೆಕಾರ್ಡರ್ ಬಚ್ಚಿಟ್ಕೊಂಡು ಒಳಗೆ ಹೋಗ್ತಿದ್ರು. ಅವರು 1975ರ ಏಪ್ರಿಲ್ 26ಕ್ಕೆ ಮಾಡಿದ ಪಿಂಕ್ ಫ್ಲಾಯ್ಡ್ ಟೇಪನ್ನ ಸಂಗೀತಗಾರ ಸ್ಟೀವನ್ ವಿಲ್ಸನ್ ರಿಪೇರಿ ಮಾಡಿ 2025ರಲ್ಲಿ ಬ್ಯಾಂಡಿನ ಅಧಿಕೃತ ಬಾಕ್ಸ್ ಸೆಟ್ಟಿಗೇ ಸೇರಿಸಿದ್ರು. ಆಡಿಯನ್ಸ್ ಟೇಪ್ ಅಂದ್ರೆ ಕಸ ಅನ್ನೋರಿಗೆ ಇದನ್ನ ಹೇಳ್ತೀನಿ. ಅಂಥದ್ದನ್ನ ಈ ಸೈಟಲ್ಲಿ ಹುಡುಕ್ಬೇಡಿ, ಇಲ್ಲಿರೋದು ಹಂಚೋಕೆ ಒಪ್ಪಿದ ಬ್ಯಾಂಡುಗಳದ್ದು ಮಾತ್ರ.

ಶುರು ಮಾಡೋರಿಗೆ ಇಷ್ಟು. ಒಂದೇ ದಿನಾಂಕಕ್ಕೆ ಹತ್ತಾರು ಫೈಲ್ ಇರುತ್ತೆ, ಟೆಕ್ಸ್ಟ್ ಫೈಲ್ ಉದ್ದ ಇರೋದನ್ನೇ ಆರಿಸಿ. ಸೌಂಡ್‌ಬೋರ್ಡ್, ಆಡಿಯನ್ಸ್ ಎರಡನ್ನೂ ಬೆರೆಸಿರೋ ಮ್ಯಾಟ್ರಿಕ್ಸ್ ಕೂಡ ಸಿಗುತ್ತೆ, ಬೆರೆಸಿದೋರ ಕೈ ಚೆನ್ನಾಗಿದ್ರೆ ಅದ್ಭುತ, ಇಲ್ಲಾಂದ್ರೆ ಡ್ರಮ್ಮು ಎರಡೆರಡು ಸಲ ಬಡಿಯುತ್ತೆ. ಒಂದು ಶೋ ಫ್ಲ್ಯಾಕ್‌ನಲ್ಲಿ ಸುಮಾರು 1 ಜಿಬಿ ಆಗುತ್ತೆ, ಫೋನಿನಲ್ಲಿ ಜಾಗ ನೋಡ್ಕೊಳ್ಳಿ, ಇಷ್ಟ ಆದದ್ದನ್ನ ಒಂದು ಹಾರ್ಡ್‌ಡಿಸ್ಕಿಗೂ ಹಾಕಿಡಿ, 2024ರ ಅಕ್ಟೋಬರ್‌ನಲ್ಲಿ ಹ್ಯಾಕರ್‌ಗಳ ದಾಳಿಗೆ ಇಡೀ ಸೈಟೇ ದಿನಗಟ್ಟಲೆ ಮುಚ್ಚಿತ್ತು. ದುಬಾರಿ ಹೆಡ್‌ಫೋನ್ ಬೇಡ, ನನ್ನದು ನಾಲ್ಕು ಸಾವಿರದ್ದು, ಸಾಕಾಗಿದೆ. ಇನ್ನು ನಿಮ್ಮ ಹತ್ರಾನೇ ಹಳೇ ಕ್ಯಾಸೆಟ್ ಇದ್ದು ಹಾಕೋ ಮನಸ್ಸಿದ್ರೆ, ಉಜ್ಜೋದಾದ್ರೆ ಉಜ್ಜಿ, ಆದ್ರೆ ಉಜ್ಜೋಕೆ ಮುಂಚಿನ ಫೈಲನ್ನೂ ಪಕ್ಕದಲ್ಲೇ ಹಾಕಿ, ಸ್ಪೀಡ್ ನಾವು ನೋಡ್ಕೋತೀವಿ.