ಹಲ್ಲಿಗೆ ಬಾಂಡಿಂಗ್: ಕರಾವಳಿಯ ಕ್ಲಿನಿಕ್‌ಗೆ ಎರಡು ಬಾಟಲಿಯದ್ದೇ ಸರಿ

ಮಂಗಳೂರು, ಉಡುಪಿ ಕಡೆ ಕ್ಲಿನಿಕ್ ಇಟ್ಟವರು ಕಾಂಪೋಸಿಟ್ (ಹಲ್ಲಿನ ಬಣ್ಣದ ರೆಸಿನ್) ಫಿಲ್ಲಿಂಗ್ ಅನ್ನು ಹಲ್ಲಿಗೆ ಅಂಟಿಸಲು ಒಂದೇ ಬಾಂಡಿಂಗ್ ಏಜೆಂಟ್ ಕೊಳ್ಳುವುದಾದರೆ ಎರಡು ಬಾಟಲಿಯ ಸೆಲ್ಫ್-ಎಚ್ ಕೊಳ್ಳಿ: ಒಂದರಲ್ಲಿ ಆಸಿಡ್ ಗುಣದ ಪ್ರೈಮರ್, ಇನ್ನೊಂದರಲ್ಲಿ ಬಾಂಡ್. ನಾನು ಈಗ ಬಳಸುವುದು ಕ್ಲಿಯರ್‌ಫಿಲ್ ಎಸ್‌ಇ ಬಾಂಡ್. ಅದಕ್ಕೆ ಮೊದಲು ಆಸಿಡ್ ಹಾಕಿ ತೊಳೆದು ಹಚ್ಚುವ ಟೋಟಲ್-ಎಚ್ ಬಳಸಿದ್ದೇನೆ, ಎಲ್ಲವೂ ಒಂದೇ ಬಾಟಲಿಯಲ್ಲಿರುವ ಯೂನಿವರ್ಸಲ್ ಕೂಡ ಬಳಸಿದ್ದೇನೆ. ಮೂರನ್ನೂ ಹೋಲಿಸಲು ಒಸಡಿನ ಅಂಚಿನಲ್ಲಿ ಸವೆದ ಹಲ್ಲಿಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಆ ಗುಂಡಿಗೆ ತನ್ನದೇ ಹಿಡಿತ ಇರುವುದಿಲ್ಲ. ಬಾಂಡ್ ಸೋತರೆ ಫಿಲ್ಲಿಂಗ್ ಇಡಿಯಾಗಿ ಉದುರಿ ಕೈಗೆ ಬರುತ್ತದೆ. ಕಂಪನಿಯ ಕರಪತ್ರದಲ್ಲಿರುವ ಹಿಡಿತದ ಬಲದ ಮೆಗಾಪಾಸ್ಕಲ್ ಅಂಕಿ ಇಷ್ಟು ನೇರವಾಗಿ ಮಾತಾಡುವುದಿಲ್ಲ.

ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಮೇಲೆ ಟೋಟಲ್-ಎಚ್ ಗೆಲ್ಲುತ್ತದೆ, ಅದರಲ್ಲಿ ವಾದವಿಲ್ಲ. ಎನಾಮಲ್‌ಗೆ ಆಸಿಡ್ ಹಾಕಿದರೆ ರೆಸಿನ್ ಚೆನ್ನಾಗಿ ಹಿಡಿಯುತ್ತದೆ ಎಂದು 1955ರಲ್ಲಿ ದಂತವೈದ್ಯ ಬ್ಯುನೊಕೋರ್ 85% ಫಾಸ್ಫೊರಿಕ್ ಆಸಿಡ್‌ನಿಂದ ತೋರಿಸಿದ್ದನ್ನು ನಾವು 37% ಜೆಲ್‌ನಲ್ಲಿ 15ರಿಂದ 30 ಸೆಕೆಂಡಿನಲ್ಲಿ ಮಾಡುತ್ತೇವೆ. ತೊಳೆದು ಒಣಗಿಸಿದಾಗ ಸೀಮೆಸುಣ್ಣದಂತೆ ಬಿಳಿ ಬಂದರೆ ಕೆಲಸ ಆಯಿತು.

ತಕರಾರು ಇರುವುದು ಎನಾಮಲ್‌ನ ಒಳಗಿನ ಪದರವಾದ ಡೆಂಟಿನ್‌ನಲ್ಲಿ. ಅಲ್ಲಿ ಆಸಿಡ್ 15 ಸೆಕೆಂಡ್ ದಾಟಬಾರದು. ತೊಳೆದ ಮೇಲೆ ಮೇಲ್ಪದರದ ಖನಿಜ ಹೋಗಿ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಮಾತ್ರ ಉಳಿಯುತ್ತವೆ, ಅವು ನಿಂತಿರುವುದು ನೀರಿನ ಆಧಾರದಲ್ಲಿ. ಹೆಚ್ಚು ಒಣಗಿಸಿದರೆ ಎಳೆಗಳು ಕುಸಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ರೆಸಿನ್ ಒಳಗಿಳಿಯುವುದಿಲ್ಲ. ಪೇಷಂಟ್ ಎರಡೇ ದಿನದಲ್ಲಿ ಬಂದು 'ಕಚ್ಚಿದರೆ ಜುಂ ಅನ್ನುತ್ತದೆ' ಎನ್ನುತ್ತಾರೆ. ನೀರು ಹೆಚ್ಚು ಬಿಟ್ಟರೆ ರೆಸಿನ್ ತೆಳುವಾಗಿ ಪದರ ಸರಿಯಾಗಿ ಗಟ್ಟಿಯಾಗುವುದಿಲ್ಲ. ಹೊಳೆಯುವಷ್ಟು ತೇವ ಬೇಕು, ನೀರು ನಿಲ್ಲಬಾರದು. ಪುಸ್ತಕದಲ್ಲಿ ಇದು ಸುಲಭ.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಅಂದಾಜನ್ನು ಕೆಡಿಸುವುದು ಕಂಪ್ರೆಸರ್. ಅದು ಎಳೆದುಕೊಳ್ಳುವ ಗಾಳಿಯಲ್ಲೇ ತೇವ ತುಂಬಿರುತ್ತದೆ. ಒತ್ತಡಕ್ಕೆ ಸಿಕ್ಕಿ ತಣ್ಣಗಾದಾಗ ಆ ತೇವ ಟ್ಯಾಂಕಿನ ತಳದಲ್ಲಿ ನೀರಾಗಿ ನಿಲ್ಲುತ್ತದೆ, ಅಲ್ಲಿಂದ ಪೈಪ್ ಹಿಡಿದು ಬಾಯೊಳಗೆ ಗಾಳಿ-ನೀರು ಬಿಡುವ ತ್ರೀ-ವೇ ಸಿರಿಂಜ್‌ಗೆ ಬರುತ್ತದೆ. ಒಣಗಿಸುತ್ತಿದ್ದೇವೆ ಎಂದುಕೊಂಡು ಹಲ್ಲಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿ ಚಿಮುಕಿಸುತ್ತಿರುತ್ತೇವೆ. ಕಂಪ್ರೆಸರ್ ಆಯಿಲ್ ಇರುವ ಮಾದರಿಯಾದರೆ ಹನಿಯ ಜೊತೆ ಎಣ್ಣೆಯೂ ಬರುತ್ತದೆ. ಎಣ್ಣೆ ಬಿದ್ದ ಡೆಂಟಿನ್‌ಗೆ ಯಾವ ಬಾಂಡೂ ಹಿಡಿಯುವುದಿಲ್ಲ.

ಪರೀಕ್ಷೆ ಸುಲಭ. ಒಣ ಮೌತ್ ಮಿರರ್ ಮೇಲೆ ಎರಡು ಸೆಂಟಿಮೀಟರ್ ದೂರದಿಂದ 10 ಸೆಕೆಂಡ್ ಗಾಳಿ ಬಿಡಿ. ಚುಕ್ಕೆ ಬಿದ್ದರೆ ನೀರು, ಬಣ್ಣಬಣ್ಣದ ಪೊರೆ ಕಂಡರೆ ಎಣ್ಣೆ. ಮಳೆಗಾಲದಲ್ಲಿ ಪ್ರತಿದಿನ ಸಂಜೆ ಟ್ಯಾಂಕಿನಲ್ಲಿ ಸ್ವಲ್ಪ ಒತ್ತಡ ಇರುವಾಗಲೇ ತಳದ ವಾಲ್ವ್ ತೆರೆದು ನೀರು ಹೊರಬಿಡಬೇಕು. ಲೈನಿನಲ್ಲಿ ವಾಟರ್ ಸೆಪರೇಟರ್ ಇದ್ದರೆ ಅದರ ಬಟ್ಟಲನ್ನೂ ನೋಡಿ. ಹಲವು ಕಡೆ ಫಿಲ್ಟರ್ ಹಾಕಿಸಿದವರು ಬಟ್ಟಲು ತುಂಬಿದ್ದನ್ನೇ ಗಮನಿಸಿರುವುದಿಲ್ಲ. ಟೋಟಲ್-ಎಚ್ ಬಿಡಲಾಗದವರು ಡೆಂಟಿನ್ ಮೇಲೆ ಗಾಳಿ ಬಿಡುವುದನ್ನು ಬಿಟ್ಟು ತೇವದ ಹತ್ತಿ ಉಂಡೆಯಿಂದ ಒತ್ತಿ ತೆಗೆಯಿರಿ, ಅಥವಾ ಸಕ್ಷನ್ ತುದಿಯನ್ನು ಹಲ್ಲಿನ ಹತ್ತಿರ ಹಿಡಿಯಿರಿ. ಅಸಿಟೋನ್ ಬೇಸ್‌ನ ಬಾಟಲಿಯಂತೂ ಇಲ್ಲಿನ ಸೆಕೆಗೆ ಬೇಡ. ಡಿಶ್‌ಗೆ ಹಾಕಿದ ಹನಿ ಹಲ್ಲು ಮುಟ್ಟುವ ಮೊದಲೇ ದಪ್ಪವಾಗುತ್ತದೆ.

ಸೆಲ್ಫ್-ಎಚ್ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಡೆಂಟಿನ್ ಎಷ್ಟು ತೇವ ಇರಬೇಕು ಎಂದು ಊಹಿಸುವ ಪ್ರಸಂಗವೇ ಬರುವುದಿಲ್ಲ, ಪ್ರೈಮರ್‌ನಲ್ಲೇ ನೀರಿದೆ. ಅದರ ಪಿಎಚ್ ಸುಮಾರು 2. ಖನಿಜವನ್ನು ಪೂರ್ತಿ ತೆಗೆಯುವುದಿಲ್ಲ, ಉಳಿದ ಕ್ಯಾಲ್ಸಿಯಂಗೆ ಪ್ರೈಮರ್‌ನಲ್ಲಿರುವ ಎಂಡಿಪಿ ಎಂಬ ಅಂಶ ರಾಸಾಯನಿಕವಾಗಿ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಆಸಿಡ್ ಜೆಲ್ ಎನಾಮಲ್ ಅಂಚಿಗೆ ಮಾತ್ರ, 15 ಸೆಕೆಂಡ್. ಜೆಲ್ ಗಟ್ಟಿಯಾಗಿರಲಿ, ಡೆಂಟಿನ್‌ಗೆ ಹರಿದರೆ ಎಂಡಿಪಿ ಹಿಡಿಯಬೇಕಾದ ಖನಿಜವೇ ಹೋಗುತ್ತದೆ. ತೊಳೆದು ಒಣಗಿಸಿ, ಪ್ರೈಮರ್ ಹಚ್ಚಿ 20 ಸೆಕೆಂಡ್ ಬಿಡಿ, ತೊಳೆಯಬೇಡಿ. ಮೆಲ್ಲಗೆ ಗಾಳಿ ಬಿಟ್ಟು, ದ್ರವ ಅಲುಗುವುದು ನಿಂತ ಮೇಲೆ ಬಾಂಡ್ ಹಚ್ಚಿ. ಅದನ್ನು ಸಮವಾಗಿ ಹರಡುವಷ್ಟು ಗಾಳಿ, ನಂತರ 10 ಸೆಕೆಂಡ್ ಲೈಟ್. ಇಲ್ಲಿಯೂ ಗಾಳಿ ಶುದ್ಧ ಇರಲೇಬೇಕು, ಕಂಪ್ರೆಸರ್ ಕೆಲಸ ತಪ್ಪುವುದಿಲ್ಲ.

ಬೆಲ್ಜಿಯಂನ ಲೂವೆನ್‌ನಲ್ಲಿ ಇದೇ ಬಾಂಡ್ ಹಾಕಿದ ಸವೆದ ಹಲ್ಲುಗಳನ್ನು 13 ವರ್ಷ ನೋಡಿದ್ದಾರೆ. ಬಹುಪಾಲು ಉಳಿದಿದ್ದವು, ಎನಾಮಲ್ ಅಂಚಿನಲ್ಲಿ ಸಣ್ಣ ದೋಷಗಳು ಕಂಡವು. ಅಂಚಿಗೆ ಜೆಲ್ ಹಾಕುವುದನ್ನು ನಾನು ಬಿಡದಿರುವುದು ಅದಕ್ಕೇ.

ಎಲೆ-ಅಡಿಕೆ ಜಗಿಯುವವರ, ಇದ್ದಿಲು-ಉಪ್ಪು ಹಾಕಿ ಹಲ್ಲುಜ್ಜಿದವರ ಸವೆದ ಡೆಂಟಿನ್ ಕಂದು ಬಣ್ಣಕ್ಕೆ ತಿರುಗಿ ಗಾಜಿನಂತೆ ನುಣುಪಾಗಿರುತ್ತದೆ. ಡೆಂಟಿನ್‌ನ ಸೂಕ್ಷ್ಮ ನಾಳಗಳು ಖನಿಜದಿಂದ ಮುಚ್ಚಿಹೋಗಿರುತ್ತವೆ. ಅಂಥದ್ದರ ಮೇಲೆ ಸೌಮ್ಯ ಪ್ರೈಮರ್ ಸೋಲುತ್ತದೆ. ನಯವಾದ ಡೈಮಂಡ್ ಬರ್‌ನಿಂದ ಒಂದು ಸಲ ಹಗುರಾಗಿ ಸವರಿ ಹಚ್ಚಿ. ಒರಟು ಬರ್ ಬೇಡ, ಅದು ಬಿಡುವ ದಪ್ಪ ಪುಡಿಯ ಪದರವನ್ನು ಈ ಪ್ರೈಮರ್ ದಾಟಲಾರದು.

ಯೂನಿವರ್ಸಲ್ ಕೆಟ್ಟದ್ದಲ್ಲ. ಜಿರ್ಕೋನಿಯಾ ಕ್ರೌನ್ ಹೆಚ್ಚು ಕೂರಿಸುವವರಿಗೆ ಅದೇ ಅನುಕೂಲ. ಆದರೆ 20 ಸೆಕೆಂಡ್ ತಿಕ್ಕಬೇಕಾದದ್ದನ್ನು ಅವಸರದಲ್ಲಿ ಐದೇ ಸೆಕೆಂಡಿಗೆ ಮುಗಿಸುವವರು ಹೆಚ್ಚು, ಒಂದೇ ಬಾಟಲಿ ಎಂಬ ಸಲಿಗೆ ಅದು. ಇಲ್ಲಿನ ಮಳೆಗಾಲದಲ್ಲಿ ಅದರ ನೀರಿನಂಶ ಆವಿಯಾಗಲು ಹೆಚ್ಚು ಹೊತ್ತು ಬೇಕು. ಎಸಿ ಇಲ್ಲದ ಕೋಣೆಯಲ್ಲಿ, ಹಲ್ಲನ್ನು ಎಂಜಲಿನಿಂದ ಬೇರ್ಪಡಿಸುವ ರಬ್ಬರ್ ಡ್ಯಾಮ್ ಹಾಳೆ ಇಲ್ಲದೆ, ನಾನು ಅದನ್ನು ನಂಬುವುದಿಲ್ಲ. ಪೋರ್ಸಲಿನ್‌ಗೆ ರೆಸಿನ್ ಹಿಡಿಸುವ ಸೈಲೇನ್ ದ್ರವವನ್ನು ಬೇರೆಯಾಗಿಯೇ ಹಚ್ಚಿ.

ಯೂಜಿನಾಲ್ (ಲವಂಗದೆಣ್ಣೆಯ ಅಂಶ) ಇರುವ ತಾತ್ಕಾಲಿಕ ಫಿಲ್ಲಿಂಗ್ ಪೂರ್ತಿ ಕೆರೆದು ತೆಗೆಯದೆ ಯಾವುದನ್ನೂ ಹಚ್ಚಬೇಡಿ. ಬ್ಲೀಚಿಂಗ್ ಆದ ಹಲ್ಲಿಗೆ ಎರಡು ವಾರ ಬಿಡಿ.

ಎರಡು ಬಾಟಲಿಯದ್ದರ ತೊಂದರೆ ಎಂದರೆ ದುಡ್ಡು ಮತ್ತು ಫ್ರಿಜ್. 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗುವುದು ಗೊತ್ತೇ ಇದೆ. ಏಪ್ರಿಲ್-ಮೇಯಲ್ಲಿ ಪಾರ್ಸೆಲ್ ಗೋಡೌನ್‌ನಲ್ಲಿ ಕೂರುತ್ತದೆ. ಐಸ್ ಪ್ಯಾಕ್ ಇಲ್ಲದೆ, ಬೆಚ್ಚಗಾಗಿ ಬಂದ ಡಬ್ಬವನ್ನು ತೆಗೆದುಕೊಳ್ಳದೆ ವಾಪಸ್ ಕಳಿಸಿ. ತಣ್ಣಗಿನ ಬಾಟಲಿಯನ್ನು ಹೊರಗಿಟ್ಟು ಕೋಣೆಯ ಬಿಸಿಗೆ ಬಂದ ಮೇಲೆ ಮುಚ್ಚಳ ತೆರೆಯಿರಿ, ಇಲ್ಲದಿದ್ದರೆ ಹನಿಯ ಮೇಲೆ ಗಾಳಿಯ ನೀರು ಕೂರುತ್ತದೆ.

ದಿನಕ್ಕೆ ಒಂದೆರಡು ಫಿಲ್ಲಿಂಗ್ ಮಾತ್ರ ಮಾಡುವವರಿಗೆ ಬಾಟಲಿ ಮುಗಿಯುವ ಮೊದಲೇ ಎಕ್ಸ್‌ಪೈರಿ ಬರಬಹುದು, ಸಣ್ಣ ಪ್ಯಾಕ್ ಕೇಳಿ. ಮಕ್ಕಳ ಸೀಲೆಂಟ್, ಬ್ರಾಕೆಟ್ ಎಂದು ಬರೀ ಎನಾಮಲ್ ಕೆಲಸ ಮಾಡುವವರಿಗೆ ಇಷ್ಟು ಖರ್ಚು ಬೇಡವೇ ಬೇಡ, 37% ಜೆಲ್ ಜೊತೆ ಎಥನಾಲ್ ಬೇಸ್‌ನ ಅಗ್ಗದ ಬಾಟಲಿ ಸಾಕು.