ಕೆಲಸ ಹೋದ ಮೇಲೂ ಉಳಿದ ವಿಮೆ: ಐದಕ್ಕೆ ಮೂರು ಸ್ಟಾರ್

ಆರೋಗ್ಯ ವಿಮೆ ಪಾಲಿಸಿಗೂ ವಿಮಾ ಕಂಪನಿಯ ಮುಂಬೈ ಮುಲುಂಡ್ ಶಾಖೆಗೂ ಸೇರಿ ಮೂರು ಸ್ಟಾರ್. ಕಾಲ್ ಸೆಂಟರಿಗೆ ಸೊನ್ನೆ.

ಸ್ತನ ಕ್ಯಾನ್ಸರಿಗೆ ಕೀಮೋ ನಡೆಯುತ್ತಿರುವಾಗಲೇ ಪೊವಾಯಿಯ ಆಫೀಸಿನವರು ನನ್ನನ್ನು ಕೆಲಸದಿಂದ ತೆಗೆದರು. ಕೊನೆಯ ದಿನಕ್ಕೇ ಆಫೀಸಿನ ಮೂಲಕ ಇದ್ದ ಗ್ರೂಪ್ ವಿಮೆಯೂ ಮುಗಿಯುತ್ತದೆ ಎಂದರು ಎಚ್‌ಆರ್‌ನವರು. ಆದರೆ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡಿ ಅಂತ ಕೇಳುವ ಹಕ್ಕು ನಮಗಿದೆ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ನಿಯಮದಲ್ಲಿ ಇದಕ್ಕೆ ಮೈಗ್ರೇಶನ್ ಎನ್ನುತ್ತಾರೆ.

ಫೋನ್ ಮಾಡಿದರೆ, "ಹೊಸ ಪಾಲಿಸಿ ತಗೊಳ್ಳಿ ಮೇಡಂ, ಬೇಗ ಆಗುತ್ತೆ" ಎಂಬ ಉಪದೇಶ. ಸುಮ್ನೆ ಹೂಂ ಅಂದಿದ್ದರೆ ಮುಗೀತಿತ್ತು! ಹೊಸದರಲ್ಲಿ ಮೊದಲೇ ಇದ್ದ ಕಾಯಿಲೆಗೆ 36 ತಿಂಗಳವರೆಗೆ ಕಾಯಿಸಬಹುದು. ಕ್ಯಾನ್ಸರ್ ಅಂದರೆ ಅರ್ಜಿಯನ್ನೇ ತಳ್ಳಿಹಾಕಲೂಬಹುದು. ಮೈಗ್ರೇಶನ್‌ನಲ್ಲಿ ಗ್ರೂಪ್‌ನಲ್ಲಿ ಕಳೆದ ವರ್ಷಗಳೂ ಈ ಕಾಯುವ ಅವಧಿಯ ಲೆಕ್ಕಕ್ಕೆ ಬರುತ್ತವೆ, ಹಳೆಯ ವಿಮಾ ಮೊತ್ತದ ಮಟ್ಟಿಗೆ. ಹಾಗಂತ ಕೇಳಿದ ಕೂಡಲೇ ಕೊಡುವುದಿಲ್ಲ. ರಿಪೋರ್ಟುಗಳನ್ನೆಲ್ಲ ನೋಡಿಯೇ ತೀರ್ಮಾನ ಮಾಡುತ್ತಾರೆ.

ಶಾಖೆಯಲ್ಲಿ ಸಿಕ್ಕವರು ಉಡುಪಿ ಕಡೆಯವರು. ನನ್ನ ಹಿಂದಿ ಕೇಳಿಯೇ ಕನ್ನಡಕ್ಕೆ ಇಳಿದರು. "ಅಕ್ಕಾ, ವಿಮೆಗೆ ಸೇರಿದ ತಾರೀಕು, ಮುಗಿಯುವ ತಾರೀಕು ಎರಡೂ ಇರುವ ಲೆಟರ್ ಎಚ್‌ಆರ್‌ನಿಂದ ತನ್ನಿ. ಕೊನೆಯ ದಿನದ ಒಳಗೇ ಅರ್ಜಿ ಬರಲಿ. ಮಧ್ಯೆ ಖಾಲಿ ಬಿದ್ದರೆ ತಕರಾರು ತೆಗೀತಾರೆ." ಅರ್ಜಿಯ ಜೆರಾಕ್ಸ್ ಮೇಲೆ ಕೇಳದೆಯೇ ಸೀಲು ಒತ್ತಿ, ತಾರೀಕು ಬರೆದು ಕೊಟ್ಟರು. ಆಮೇಲೆ ಕಾಲ್ ಸೆಂಟರಿನವರು "ನಿಮ್ಮ ಅರ್ಜಿಯೇ ಬಂದಿಲ್ಲ" ಅಂದಾಗ ಆ ಸೀಲೇ ಕಾಪಾಡಿತು.

ಪಾಲಿಸಿ ಬಂತು. ಪ್ರೀಮಿಯಂ ಮಾತ್ರ ಕೇಳಬೇಡಿ.

ಆಸ್ಪತ್ರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟುವ ಕ್ಯಾಶ್‌ಲೆಸ್ ಒಪ್ಪಿಗೆ ಒಂದು ಗಂಟೆಯೊಳಗೆ ತಿಳಿಸಬೇಕು ಅಂತ 2024ರಿಂದ ನಿಯಮ. ನನಗೆ ಬೆಳಿಗ್ಗೆ ಕಳಿಸಿದ್ದಕ್ಕೆ ಸಂಜೆ ಉತ್ತರ ಬಂತು, ಅಷ್ಟು ಹೊತ್ತೂ ಕೈಗೆ ಸೂಜಿ ಚುಚ್ಚಿಸಿಕೊಂಡು ಕೂತಿದ್ದೆ. ದೂರು ಕೊಟ್ಟೆ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ ವಿಮೆಯ ದೂರು ವಿಚಾರಿಸುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇನೆ ಅಂತಲೂ ಬರೆದೆ. ಅಲ್ಲಿ ಫೀಸಿಲ್ಲ, ವಕೀಲರೂ ಬೇಡ. ಮುಂದಿನ ಸಲ ಒಪ್ಪಿಗೆ ಬೇಗ ಬಂತು!

ಇನ್ನೊಂದು ಕೊರತೆ ರೂಮ್ ಬಾಡಿಗೆಯ ಮಿತಿ. ಅದನ್ನು ಮೀರಿದ ರೂಮ್ ತಗೊಂಡರೆ ಬಾಡಿಗೆ ಒಂದೇ ಅಲ್ಲ, ಸರ್ಜನ್ ಫೀಸಿಗೂ ಅದೇ ಲೆಕ್ಕದಲ್ಲಿ ಕತ್ತರಿ. ಕೀಮೋ ಅದೇ ದಿನ ಮನೆಗೆ ಕಳಿಸುವ ಡೇಕೇರ್‌ನಲ್ಲೇ ಮುಗಿಯುವುದರಿಂದ ಇಲ್ಲಿವರೆಗೆ ತೊಂದರೆಯಾಗಿಲ್ಲ. ಆಪರೇಶನ್‌ಗೆ ಶೇರಿಂಗ್ ರೂಮನ್ನೇ ಬರೆಸಿದ್ದೇನೆ.