ರಬ್ಬರ್ ಸಾಲಿನ ನಡುವೆ ಹೆಬ್ಬೇವು ನೆಡಬೇಡಿ: ನನ್ನ ಎರಡು ಎಕರೆಯ ಕಥೆ

ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ನಮ್ಮ ಸುಳ್ಯ, ಕಡಬ ಕಡೆ ಪಿಕಪ್‌ನಲ್ಲಿ ಗಿಡ ಬರುವುದು ಶುರುವಾಗುತ್ತದೆ. ಈ ಸಲ ಪಕ್ಕದ ಊರಿಗೆ ಹೆಬ್ಬೇವಿನ ಗಿಡ ಬಂದಿದೆ, ಬೇಗ ಬೆಳೆಯುವ ನಾಟಾ ಮರ. ರಬ್ಬರ್ ಸಾಲಿನ ನಡುವೆ ಸುಮ್ನೆ ಖಾಲಿ ಬಿದ್ದಿರುವ ಜಾಗಕ್ಕೆ ಹಾಕಿ, ಏಳು ವರ್ಷಕ್ಕೆ ಲಕ್ಷಗಟ್ಟಲೆ ಎಣಿಸಿ ಅಂತ ಮನೆ ಮನೆಗೆ ಹೋಗಿ ಹೇಳುತ್ತಿದ್ದಾರಂತೆ. ಇದೇ ಮಾತನ್ನು ನಾನು 2014ರಲ್ಲಿ ನನ್ನ ಮನೆ ಜಗಲಿಯಲ್ಲಿ ಕೂತು ಕೇಳಿದ್ದೆ, ನಂಬಿದ್ದೆ. ಆಮೇಲೆ ಏನಾಯಿತು ಅಂತ ಪೂರ್ತಿ ಹೇಳುತ್ತೇನೆ. ಸ್ವಲ್ಪ ಉದ್ದವಾಗಬಹುದು, ಗಿಡ ನೆಡುವ ಯೋಚನೆ ಇರುವವರು ದಯವಿಟ್ಟು ಕೊನೆವರೆಗೂ ಓದಿ.

ರಬ್ಬರ್ ನಮ್ಮ ಕಡೆಗೆ ಹೊಸದೇನಲ್ಲ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲು ಸರ್ಕಾರವೇ ಸುಳ್ಯ, ಪುತ್ತೂರು ಭಾಗದಲ್ಲಿ ರಬ್ಬರ್ ಹಾಕಿಸಿತು. ಕೇರಳದಿಂದ ಬಂದವರು ಗುಡ್ಡ ಕೊಂಡು ಹಾಕಿದರು. ಅವರನ್ನು ನೋಡಿ ನಾವೂ ಹಾಕಿದೆವು. 2011ರಲ್ಲಿ ರಬ್ಬರ್ ಶೀಟ್ ಕಿಲೋಗೆ 200 ರೂಪಾಯಿ ದಾಟಿದಾಗ ಅಡಿಕೆಯ ಕೊಳೆರೋಗದ ಜೊತೆ ಗುದ್ದಾಡಿ ಸುಸ್ತಾದವರೆಲ್ಲ ಒಂದು ಕೈ ನೋಡೋಣ ಅಂದರು. ನಾನು ಮನೆ ಹಿಂದಿನ ಗುಡ್ಡದ ಎರಡು ಎಕರೆಗೆ 2013ರ ಜೂನ್‌ನಲ್ಲಿ ಆರ್‌ಆರ್‌ಐಐ 105 ತಳಿಯ ಕಸಿ ಗಿಡ ನೆಟ್ಟೆ. ಸಾಲಿನಿಂದ ಸಾಲಿಗೆ 22 ಅಡಿ, ಗಿಡದಿಂದ ಗಿಡಕ್ಕೆ 11 ಅಡಿ. ಒಟ್ಟು 360 ಗಿಡ.

ಮರು ವರ್ಷ ಧಾರಣೆ ಇಳಿಯುತ್ತಾ ಬಂತು. ರಬ್ಬರ್ ಹಾಲು ಬರಲು ಇನ್ನೂ ಆರು ವರ್ಷ ಬೇಕು. ಅಷ್ಟರವರೆಗೆ ಏನು ಮಾಡುವುದು ಅನ್ನುವ ಚಿಂತೆ ನಮ್ಮಂಥ ಎಲ್ಲರಿಗೂ ಇರುತ್ತದೆ ಅಲ್ವಾ? ಗಿಡ ಮಾರುವವರು ಬರುವುದೂ ಸರಿಯಾಗಿ ಆ ಹೊತ್ತಿಗೇ. ಬಂದವನು ತುಂಬಾ ವಿನಯದ ಮನುಷ್ಯ. ಫೋನಿನಲ್ಲಿ ಇಂಡೋನೇಷ್ಯಾದ ಜಾಂಬಿ ಕಡೆಯ ತೋಟಗಳನ್ನು ತೋರಿಸಿದ. ರಬ್ಬರ್ ನಡುವೆ ಹಣ್ಣಿನ ಮರ, ನಾಟಾ ಮರ, ಔಷಧಿ ಗಿಡ, ಎಲ್ಲ ಸೇರಿ ಕಾಡಿನ ಹಾಗೆ. ನೋಡಿ ಸಾರ್, ಅಲ್ಲಿಯ ಸಣ್ಣ ರೈತರು ತಲೆಮಾರಿನಿಂದ ಹೀಗೇ ಮಾಡುತ್ತಿದ್ದಾರೆ ಅಂದ. ಹೆಬ್ಬೇವು ಪ್ಲೈವುಡ್‌ಗೆ ಹೋಗುತ್ತದೆ, ಏಳನೇ ವರ್ಷ ನಾವೇ ಬಂದು ಕಡಿದು ದುಡ್ಡು ಕೊಡುತ್ತೇವೆ ಅಂತ 100 ರೂಪಾಯಿ ಸ್ಟಾಂಪ್ ಪೇಪರ್‌ನಲ್ಲಿ ಬರೆದೂ ಕೊಟ್ಟ. ಪ್ರತಿ ಎರಡು ಸಾಲಿನ ನಟ್ಟನಡುವೆ ಒಂದೊಂದು ಸಾಲು, ಒಟ್ಟು 250 ಹೆಬ್ಬೇವು ನೆಟ್ಟೆವು.

ಅವನು ತೋರಿಸಿದ ಜಾಂಬಿಯ ತೋಟಗಳು ಸುಳ್ಳಲ್ಲ. ಆದರೆ ಅಲ್ಲಿ ಇದ್ದದ್ದು ಬೀಜದಿಂದ ಬೆಳೆದ ಹಳೇ ರಬ್ಬರ್, ಕಾಡಿನ ಮರಗಳ ಜೊತೆ ಪೈಪೋಟಿ ಮಾಡಿಯೇ ಎದ್ದದ್ದು. ಹಾಲು ಕಡಿಮೆ, ಖರ್ಚೂ ಕಡಿಮೆ, ಹತ್ತು ವರ್ಷ ಕಾದರೂ ಅಲ್ಲಿನವರಿಗೆ ಅದು ಸರಿಯಾಗುತ್ತಿತ್ತು. ನನ್ನದು ದುಡ್ಡು ಕೊಟ್ಟು ತಂದ ಕಸಿ ಗಿಡ. ಗೊಬ್ಬರ ಹಾಕಿ, ಬಿಸಿಲು ಕೊಟ್ಟು, ಏಳು ವರ್ಷಕ್ಕೆ ಹಾಲು ತೆಗೆಯುವ ಲೆಕ್ಕದಲ್ಲಿ ನೆಟ್ಟದ್ದು. ಈ ಎರಡೂ ಒಂದೇ ಅಲ್ಲ ಅನ್ನುವುದು ನನಗೆ ಆಗ ಹೊಳೆಯಲಿಲ್ಲ.

ಮೊದಲ ವರ್ಷ ಖುಷಿಯೋ ಖುಷಿ. ಹೆಬ್ಬೇವು ನಮ್ಮ ಪಶ್ಚಿಮ ಘಟ್ಟದ್ದೇ ಮರ, ಇಲ್ಲಿಯ ಮಳೆಗೆ ಹುಚ್ಚೆದ್ದು ಬೆಳೆಯುತ್ತದೆ. ಎರಡನೇ ಮಳೆಗಾಲ ಮುಗಿಯುವಾಗ ಒಂದು ವರ್ಷ ಮೊದಲೇ ನೆಟ್ಟ ರಬ್ಬರ್‌ಗಿಂತ ಎತ್ತರ ಹೋಗಿತ್ತು. ನಾಲ್ಕನೇ ವರ್ಷಕ್ಕೆ ಅದರ ಕೊಡೆ ರಬ್ಬರ್ ಮೇಲೆ ಬಿಚ್ಚಿಕೊಂಡಿತು. ನೆರಳು ಬಿದ್ದ ರಬ್ಬರ್ ಏನು ಮಾಡುತ್ತದೆ ಗೊತ್ತಾ? ದಪ್ಪ ಆಗುವುದನ್ನು ಬಿಟ್ಟು ಬೆಳಕು ಹುಡುಕಿಕೊಂಡು ಮೇಲಕ್ಕೆ ಓಡುತ್ತದೆ. ಕಾಂಡ ಸಪೂರ, ತಲೆ ಭಾರ, ಮಳೆಗೆ ಒದ್ದೆಯಾದರೆ ಬಾಗಿ ನಿಲ್ಲುತ್ತದೆ. ಎರಡು ವರ್ಷದ ಆಟಿ ತಿಂಗಳು (ಜುಲೈ, ಆಗಸ್ಟ್ ಹೊತ್ತು) ನಾನು ಮತ್ತು ಮನೆಯವಳು ಹಗ್ಗ ಹಿಡಿದುಕೊಂಡು ಬಾಗಿದ ಗಿಡಗಳನ್ನು ಗೂಟಕ್ಕೆ ಕಟ್ಟಿದ್ದೇ ಕೆಲಸ.

ಬೇಸಿಗೆ ಇನ್ನೊಂದು ಕಷ್ಟ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೇಲೆ ಮಳೆ ಬಿದ್ದರೂ ಡಿಸೆಂಬರ್‌ನಿಂದ ಮೇವರೆಗೆ ಗುಡ್ಡ ಒಣಗಿ ಕೂರುತ್ತದೆ. ಜಂಬಿಟ್ಟಿಗೆ ಮಣ್ಣು, ನೀರು ನಿಲ್ಲುವುದಿಲ್ಲ. ಜನವರಿ, ಫೆಬ್ರವರಿಯಲ್ಲಿ ರಬ್ಬರ್ ಎಲೆ ಉದುರಿಸಿ ಹೊಸ ಚಿಗುರು ತರುವ ಹೊತ್ತಿಗೆ ನೆಲದಲ್ಲಿ ಇದ್ದ ಒಂದಿಷ್ಟು ತೇವವನ್ನು ಹೆಬ್ಬೇವಿನ ಬೇರೂ ಹೀರುತ್ತಿತ್ತು. ಪಕ್ಕದ ತೋಟದಲ್ಲಿ ಚಿಗುರು ತುಂಬಿಕೊಂಡಿದ್ದರೆ ನನ್ನ ತೋಟದಲ್ಲಿ ಸಣ್ಣ ಸಣ್ಣ ಎಲೆ.

ದೊಡ್ಡ ಹೊಡೆತ ಬಂದದ್ದು 2018ರ ಮಳೆಗಾಲದಲ್ಲಿ. ಆ ವರ್ಷ ಜೋಡುಪಾಲ, ಮಡಿಕೇರಿ ಕಡೆ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿರುತ್ತದೆ, ಅಂಥ ಮಳೆ. ತೋಟದೊಳಗೆ ಗಾಳಿ ಆಡುತ್ತಿರಲಿಲ್ಲ, ತೊಗಟೆ ಒಣಗುತ್ತಲೇ ಇರಲಿಲ್ಲ. ಒಂದು ದಿನ ನೋಡಿದರೆ ಕವಲಿನಲ್ಲಿ ಜೇಡನ ಬಲೆ ಹಾಗೆ ಬಿಳಿ ನೂಲು. ಪಾಚಿ ಇರಬೇಕು ಅಂದುಕೊಂಡೆ. ಹದಿನೈದು ದಿನಕ್ಕೆ ಅದು ಗುಲಾಬಿ ಬಣ್ಣಕ್ಕೆ ತಿರುಗಿತು, ತೊಗಟೆ ಸೀಳಿ ಹಾಲು ಒಸರಿ ಕಾಂಡದ ಮೇಲೆ ಕಪ್ಪು ಗೆರೆ ಇಳಿಯಿತು. ಮೇಲಿನ ಕೊಂಬೆ ಒಣಗಿತು, ಒಣಗಿದ ಎಲೆ ಮಾತ್ರ ಉದುರದೆ ಹಾಗೇ ನೇತಾಡುತ್ತಿತ್ತು. ನೆರೆಮನೆಯ ಮಲಯಾಳಿ ಟ್ಯಾಪರ್ (ತೊಗಟೆ ಕೊರೆದು ರಬ್ಬರ್ ಹಾಲು ತೆಗೆಯುವವನು) ನೋಡಿದ ಕೂಡಲೇ ಇದು ಚೀಕು ಅಂದ. ಪಿಂಕ್ ರೋಗ. 105 ತಳಿಗೆ ಅದು ಬೇಗ ಹಿಡಿಯುತ್ತದೆ, ನೆರಳು ಮತ್ತು ತೇವ ಇದ್ದರೆ ಕೇಳುವುದೇ ಬೇಡ.

ಮದ್ದು ಇದೆ. ಕೆರೆದು ತೆಗೆದು ಬೋರ್ಡೊ ಪೇಸ್ಟ್ (ಮೈಲುತುತ್ತ, ಸುಣ್ಣ ಕಲಸಿದ್ದು) ಹಚ್ಚಬೇಕು. ಮಳೆ ಹಿಡಿಯುವ ಮೊದಲೇ ಕವಲಿಗೆ ಹಚ್ಚಿದರೆ ಇನ್ನೂ ಒಳ್ಳೆಯದು. ಆದರೆ ನನ್ನ ಗಿಡಗಳ ಕವಲು ಇದ್ದದ್ದು ಎಲ್ಲಿ? ಬೆಳಕು ಹುಡುಕಿಕೊಂಡು ಮೇಲೆ ಹೋದ ಗಿಡದಲ್ಲಿ ಕವಲು 15 ಅಡಿ ಮೇಲೆ. ಜಾರುವ ಗುಡ್ಡದಲ್ಲಿ ಏಣಿ ಇಟ್ಟು, ಒಬ್ಬರು ಹಿಡಿದುಕೊಂಡು, ಇನ್ನೊಬ್ಬರು ಹತ್ತಿ ಹಚ್ಚಬೇಕು. ದಿನಕ್ಕೆ 20 ಗಿಡ ಆದರೆ ಹೆಚ್ಚು. ಎರಡು ಮಳೆಗಾಲದಲ್ಲಿ 42 ಗಿಡ ಸತ್ತವು, ಉಳಿದವುಗಳಲ್ಲಿ ಎಷ್ಟೋ ತಲೆ ಕಳೆದುಕೊಂಡು ಬುಡದಿಂದ ಚಿಗುರಿದವು.

ನಮ್ಮ ಜಿಲ್ಲೆಯವರು ಈ ರೋಗಗಳನ್ನು ಹಗುರವಾಗಿ ತೆಗೆದುಕೊಳ್ಳಬಾರದು. 1996ರಲ್ಲಿ ಕೊರಿನೆಸ್ಪೊರಾ ಎಲೆ ರೋಗ ಬಂದಾಗ ದಕ್ಷಿಣ ಕನ್ನಡದ ರಬ್ಬರ್ ತೋಟಗಳು ಬೋಳಾಗಿ ನಿಂತಿದ್ದನ್ನು ಹಿರಿಯರು ಈಗಲೂ ಹೇಳುತ್ತಾರೆ. ಆಗಲೂ ಜಾಸ್ತಿ ಪೆಟ್ಟು ತಿಂದದ್ದು ಇದೇ 105. ಆ ಶಿಲೀಂಧ್ರ ಪಪ್ಪಾಯಿ, ಟೊಮೆಟೊ ಮೇಲೂ ಬರುತ್ತದೆ. ನಡುವೆ ಏನೋ ಒಂದು ಹಾಕಿದರಾಯಿತು ಅನ್ನುವವರು ಇದನ್ನೂ ನೋಡಿಕೊಳ್ಳಿ. ಕೊಕ್ಕೋ ಹಾಕುವವರು ಮಳೆಗಾಲದ ಕಾಯಿ ಕೊಳೆಯನ್ನು ಯೋಚಿಸಿ. ರಬ್ಬರ್ ಎಲೆ ಉದುರಿಸುವುದೂ, ಅಡಿಕೆಗೆ ಕೊಳೆ ತರುವುದೂ, ಕೊಕ್ಕೋ ಕಾಯಿ ಕಪ್ಪಾಗಿಸುವುದೂ ಎಲ್ಲ ಫೈಟಾಫ್ತೊರಾ ಅನ್ನುವ ಒಂದೇ ಜಾತಿಯ ರೋಗಾಣುಗಳೇ.

2020ರಲ್ಲಿ ಏಳು ವರ್ಷ ತುಂಬಿತು. ಕಸಿ ಗಿಡವಾದರೆ ಬುಡದ ಕಸಿ ಗಂಟಿನಿಂದ 125 ಸೆಂಟಿಮೀಟರ್ ಮೇಲೆ ಸುತ್ತಳತೆ 50 ಸೆಂಟಿಮೀಟರ್ ಬಂದಿರಬೇಕು, ಅಂಥ ಗಿಡ ನೂರಕ್ಕೆ 70 ಇದ್ದರೆ ಮಾತ್ರ ಟ್ಯಾಪಿಂಗ್ ಶುರು ಮಾಡಬೇಕು ಅಂತ ಲೆಕ್ಕ. ಟೇಪು ಹಿಡಿದು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಅಳೆದೆ. ಉಳಿದಿದ್ದ 318 ಗಿಡಗಳಲ್ಲಿ 50 ಮುಟ್ಟಿದ್ದು 61. ಅವೂ ಹೆಚ್ಚಿನವು ತೋಟದ ಅಂಚಿನವು, ಬಿಸಿಲು ಸಿಕ್ಕಿದವು. ನಡುವಿನ ಗಿಡಗಳು 35, 38ರಲ್ಲಿ ನಿಂತಿದ್ದವು. ಅದೇ ನರ್ಸರಿಯಿಂದ, ಅದೇ ವಾರ, ಅದೇ ತಳಿ ತಂದ ನೆರೆಯವರು ಆ ವರ್ಷವೇ ಹಾಲು ಹಿಡಿಯುವ ಗೆರಟೆ ಕಟ್ಟಿದರು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಬೆಳಗಿನ ಜಾವ ಅವರ ತೋಟದಲ್ಲಿ ಹೆಡ್‌ಲೈಟ್ ಕಟ್ಟಿಕೊಂಡ ಟ್ಯಾಪರ್ ಓಡಾಡುವುದು ಕಂಡಾಗ ಎದೆಗೆ ಭಾರ ಆಗುತ್ತಿತ್ತು.

ಸರಿ, ಹೆಬ್ಬೇವಿನ ದುಡ್ಡಾದರೂ ಬರಲಿ ಅಂತ ಕಾಗದ ಹುಡುಕಿ ಫೋನ್ ಮಾಡಿದೆ. ಆ ನಂಬರ್ ಚಾಲ್ತಿಯಲ್ಲಿಲ್ಲ. ವಿಳಾಸ ಹುಡುಕಿಕೊಂಡು ಮಂಗಳೂರಿಗೂ ಹೋದೆ, ಆ ಕಟ್ಟಡದಲ್ಲಿ ಅವರು ಖಾಲಿ ಮಾಡಿ ಮೂರು ವರ್ಷ ಆಗಿತ್ತು. ಕೊನೆಗೆ 2022ರ ಮಾರ್ಚ್‌ನಲ್ಲಿ ಊರಿನ ಮರದ ವ್ಯಾಪಾರಿಯೇ ಬಂದ. ನನ್ನ ಗುಡ್ಡಕ್ಕೆ ಲಾರಿ ಹತ್ತುವುದಿಲ್ಲ, ಮರ ಎಳೆದು ತರಬೇಕು. ಪ್ಲೈವುಡ್‌ಗೆ ಬೇಕಾದ ದಪ್ಪ ಇಲ್ಲದ್ದನ್ನು ಸೌದೆ ಲೆಕ್ಕಕ್ಕೆ ಹಾಕಿದ. ಎಲ್ಲ ಕಳೆದು ಕೈಗೆ ಬಂದದ್ದು 74,000 ರೂಪಾಯಿ. ಎಂಟು ವರ್ಷಕ್ಕೆ.

ಅದಕ್ಕಿಂತ ಬೇಜಾರಾದದ್ದು ಕಡಿದ ದಿನ. ಎರಡು ಸಾಲಿನ ನಡುವೆ ನಿಂತ ದೊಡ್ಡ ಮರವನ್ನು ಎಷ್ಟು ಹುಷಾರಾಗಿ ಉರುಳಿಸಿದರೂ ಅದು ಬೀಳುವುದು ರಬ್ಬರ್ ಮೇಲೆಯೇ. ಬೇರೆ ಜಾಗ ಎಲ್ಲಿದೆ? 37 ಗಿಡ ಮುರಿದವು. ಎಳೆಯುವಾಗ ಇನ್ನಷ್ಟು ಗಿಡಗಳ ತೊಗಟೆ ಸುಲಿದು ಹೋಯಿತು, ಅದೂ ಸರಿಯಾಗಿ ಟ್ಯಾಪಿಂಗ್ ಮಾಡುವ ಎತ್ತರದಲ್ಲಿ. ರಬ್ಬರ್ ಬೆಳೆಗಾರನಿಗೆ ತೊಗಟೆ ಅಂದರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ. ಮುಂದಿನ ಮಳೆಗೆ ಹೆಬ್ಬೇವಿನ ಬೊಡ್ಡೆಗಳೆಲ್ಲ ಮತ್ತೆ ಚಿಗುರಿದವು. ಕಡಿದಷ್ಟೂ ಚಿಗುರು. ಬೊಡ್ಡೆ ಸತ್ತು ಮಣ್ಣಲ್ಲೇ ಉಳಿದರೆ ಅದೇ ಬೇರು ರೋಗಕ್ಕೆ ಮನೆ ಅಂತ ರಬ್ಬರ್ ಮಂಡಳಿಯ ಕ್ಷೇತ್ರಾಧಿಕಾರಿ ಹೇಳಿದ ಮೇಲೆ ಜೆಸಿಬಿ ಹೋಗುವ ಕಡೆ ಕೀಳಿಸಿದ್ದೇನೆ. ಉಳಿದದ್ದನ್ನು ಈಗಲೂ ಗುದ್ದಲಿಯಲ್ಲಿ ಕೀಳುತ್ತಿದ್ದೇವೆ.

ಆ ಅಧಿಕಾರಿ ಬಂದು ನೋಡಿದ್ದಕ್ಕೆ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. 2014ರಲ್ಲೇ ಕರೆದಿದ್ದರೆ ಒಂದೇ ಮಾತಲ್ಲಿ ಮುಗಿಯುತ್ತಿತ್ತು. ರಬ್ಬರ್ ಕೆಳಗೆ ಬದುಕುವುದನ್ನು ಹಾಕಿ, ರಬ್ಬರ್ ಮೇಲೆ ಹೋಗುವುದನ್ನು ಹಾಕಬೇಡಿ ಅಂದರು. ನಾನು ಮಿಶ್ರ ಬೆಳೆಗೆ ವಿರೋಧಿ ಅಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ನೆರೆಯವರು ಮೊದಲ ಮೂರು ವರ್ಷ ಸಾಲಿನ ನಡುವೆ ಅನಾನಸ್ ಹಾಕಿದ್ದರು. ಗಿಡದ ಬುಡದಿಂದ ನಾಲ್ಕೈದು ಅಡಿ ಬಿಟ್ಟು, ಗುಡ್ಡಕ್ಕೆ ಅಡ್ಡಲಾಗಿ, ಮಣ್ಣು ಕೊಚ್ಚಿ ಹೋಗದ ಹಾಗೆ. ರಬ್ಬರಿಗೆ ಬೇರೆ ಗೊಬ್ಬರ, ಅನಾನಸಿಗೆ ಬೇರೆ. ನೆರಳು ಕೂಡಿದ ಮೇಲೆ ತೆಗೆದರು, ಅಷ್ಟೇ. ಇನ್ನೊಂದು ಕಡೆ ನನ್ನ ಸಂಬಂಧಿಯೊಬ್ಬರು ನೆಡುವಾಗಲೇ ಜೋಡಿ ಸಾಲು ಮಾಡಿದ್ದಾರೆ. ಎರಡು ರಬ್ಬರ್ ಸಾಲು ಹತ್ತಿರ ಹತ್ತಿರ, ಆಮೇಲೆ 30 ಅಡಿ ಬಯಲು, ಅದರಲ್ಲಿ ರೋಬಸ್ಟಾ ಕಾಫಿ. ಚೆನ್ನಾಗಿದೆ. ಆದರೆ ಆ ಅಂತರವನ್ನು ಗುಂಡಿ ತೆಗೆಯುವ ದಿನವೇ ತೀರ್ಮಾನ ಮಾಡಬೇಕು. 22 ಅಡಿಗೆ ನೆಟ್ಟು ಆಗಿರುವ ತೋಟದ ನಡುವೆ ಆಮೇಲೆ ಮರ ತೂರಿಸಲು ಜಾಗ ಇರುವುದಿಲ್ಲ. ಅದು ಖಾಲಿ ಜಾಗದ ಹಾಗೆ ಕಾಣುವುದು ಮೊದಲ ಮೂರು ವರ್ಷ ಮಾತ್ರ, ಆಮೇಲೆ ಅದು ರಬ್ಬರಿನ ತಲೆ ಮತ್ತು ಬೇರಿನ ಜಾಗ. ಏನೂ ಹಾಕದಿದ್ದರೆ ಪ್ಯೂರೇರಿಯಾ ಬಳ್ಳಿ ಹಬ್ಬಿಸಿ, ಮಣ್ಣಿಗೆ ಸಾರಜನಕ ಸಿಗುತ್ತದೆ, ಕಳೆಯೂ ಕಡಿಮೆ. ಮ್ಯೂಕುನಾ ಬಳ್ಳಿ ಹಾಕಿದರೆ ಗಿಡಕ್ಕೆ ಸುತ್ತಿಕೊಳ್ಳದಂತೆ ತಿಂಗಳಿಗೊಮ್ಮೆ ಎಳೆದು ಬಿಡಬೇಕು.

2024ರ ಆಗಸ್ಟ್‌ನಲ್ಲಿ ಶೀಟ್ ಧಾರಣೆ 240 ದಾಟಿತು. ಆ ದಿನ ನನ್ನ ತೋಟದಲ್ಲಿ ಟ್ಯಾಪಿಂಗ್ ಆಗುತ್ತಿದ್ದದ್ದು 140 ಮರ. ಒಂದೂವರೆ ಸಾಲು ಪೂರ್ತಿ ಖಾಲಿ, ಅಲ್ಲಿ ಹೊಸದಾಗಿ ನೆಡಲೂ ಆಗುವುದಿಲ್ಲ, ಸುತ್ತಲಿನ ಮರಗಳ ನೆರಳಿಗೆ ಸಣ್ಣ ಗಿಡ ಏಳುವುದಿಲ್ಲ.

ಈ ಮಳೆಗೆ ಈಗಾಗಲೇ ದುಡ್ಡು ಕೊಟ್ಟು ಹೆಬ್ಬೇವು ತಂದಿಟ್ಟವರು ಇದ್ದರೆ ಗಿಡ ಬಿಸಾಡಬೇಡಿ. ಪ್ಲಾಸ್ಟಿಕ್ ತೊಟ್ಟೆಯಲ್ಲೇ ಇದ್ದರೆ ಇನ್ನೂ ಸಮಯ ಇದೆ. ರಬ್ಬರ್ ಸಾಲಿನಿಂದ ದೂರ, ಮಾರ್ಗದ ಬದಿಗೆ, ಲಾರಿ ಬರುವ ಕಡೆ, ಕಡಿದರೆ ಹೊರಗಡೆಗೇ ಬೀಳುವ ಹಾಗೆ ಒಂದೇ ಸಾಲು ನೆಡಿ. ಸಾಲಿನ ನಡುವೆ ಹೋದ ಮಳೆಗೇ ನೆಟ್ಟಾಗಿದ್ದರೆ ಈ ವಾರವೇ ಕಿತ್ತು ಅಲ್ಲಿಗೆ ಸಾಗಿಸಿ. ಒಂದು ವರ್ಷದ ಗಿಡವನ್ನು ಇಬ್ಬರು ಸೇರಿ ಮಣ್ಣಿನ ಹೆಂಟೆ ಸಮೇತ ಎತ್ತಬಹುದು, ಎರಡನೇ ವರ್ಷಕ್ಕೆ ಅದು ಆಗುವುದಿಲ್ಲ.